ಸೋದರಮಾವನೂ ಕೊಕ್ಕರೆ ಸೀರಿಯಲ್ಲೂ

ಆಯುಧಪೂಜೆ ಹತ್ತಿರ ಬಂತೆಂದರೆ ನನ್ನ ಹೆಂಡತಿ ಸುಮಾಗೆ ಅಟ್ಟದ ನೆನಪಾಗುತ್ತದೆ. ವರ್ಷವೆಲ್ಲ ಕಣ್ಣಿಗೇ ಬೀಳದ ಅಟ್ಟ ಆ ವಾರ ಮಾತ್ರ ಅವಳ ನೆಮ್ಮದಿ ಕೆಡಿಸುತ್ತದೆ. ಏಣಿ ಹತ್ತಿ ಧೂಳು ಕುಡಿಯುವವನು ನಾನು, ಕೆಳಗೆ ನಿಂತು ಇದು ಇರಲಿ, ಅದು ಹೋಗಲಿ ಎಂದು ತೀರ್ಪು ಕೊಡುವವಳು ಅವಳು. ಈ ಸಲವೂ ಹಿಡಿ ಮುರಿದ ಕುಕ್ಕರು, ನಮ್ಮ ಮದುವೆಗೆ ಬಂದ ಗೋಡೆ ಗಡಿಯಾರಗಳ ಪೈಕಿ ನಡೆಯದವು, ಯಾರದ್ದೋ ಕ್ರಿಕೆಟ್ ಪ್ಯಾಡಿನ ಒಂದೇ ಕಾಲು, ಎಲ್ಲ ಸಾಲಾಗಿ ಕೆಳಗಿಳಿದವು. ಕೊನೆಗೆ ಹಳೇ ಕ್ಯಾಲೆಂಡರಿನ ಹಾಳೆ ಸುತ್ತಿದ್ದ ಒಂದು ಕಟ್ಟು ಕೊಟ್ಟೆ. ಸುಮಾ ಬಿಚ್ಚಿ ನೋಡಿದಳು. ದಪ್ಪನೆಯ ಇಂಗ್ಲಿಷ್ ಕಾದಂಬರಿ. ಮುಂದಿನ ರಟ್ಟಿದೆ, ರಟ್ಟಿನ ಮೇಲೆ ಹಾರುವ ಕೊಕ್ಕರೆಯಿದೆ, ಕೊಕ್ಕರೆಯ ಮೇಲೆ ಕತ್ತಿ ಹಿಡಿದ ಹುಡುಗಿ ಕೂತಿದ್ದಾಳೆ. ಹಿಂದಿನ ರಟ್ಟಿಲ್ಲ. ಬ್ಲೇಡಿನಲ್ಲಿ ಕೊಯ್ದಂತೆ ಪುಸ್ತಕ ಸರಿಯಾಗಿ ನಡುವಿಗೆ ನಿಂತುಹೋಗಿದೆ.

"ಇದ್ರ ಇನ್ನರ್ಧ ಎಲ್ರೀ?"

"ರಂಜು ಹತ್ರ ಇದೆ."

"ಪುಸ್ತಕಾನ ಯಾರಾದ್ರೂ ಮಾವಿನಕಾಯಿ ಥರ ಕೊಯ್ತಾರಾ?"

"ನಾವು ಕೊಯ್ದಿದ್ವಿ."

ರಂಜು ನನ್ನ ಸರೋಜಕ್ಕನ ಮಗಳು. ನಾನು ಅವಳಿಗೆ ಸೋದರಮಾವ. ಸುಮಾ ಆ ಅರ್ಧ ಪುಸ್ತಕವನ್ನು 'ಇರಲಿ' ಕಡೆಗೂ ಹಾಕಲಿಲ್ಲ, 'ಹೋಗಲಿ' ಕಡೆಗೂ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತಳು. ನಾನು ಏಣಿಯ ಮೇಲೆಯೇ ಕೂತೆ. ಅಟ್ಟ ಗುಡಿಸುವ ಕೆಲಸ ಆವತ್ತಿಗೆ ಅಲ್ಲಿಗೆ ಮುಗಿಯಿತು ಅನ್ನಿ.

ಕೊಯ್ದ ಕಾರಣ ಹೇಳಬೇಕಲ್ಲ. ಹತ್ತು ವರ್ಷದ ಹತ್ತಿರಕ್ಕೆ ಬಂತು. ಆಗ ಇಂಗ್ಲಿಷ್ ಚಾನೆಲ್ಲೊಂದರಲ್ಲಿ ಶನಿವಾರ ಸಂಜೆ ಒಂದು ಸೀರಿಯಲ್ ಬರುತ್ತಿತ್ತು. ಜೌಗುನೆಲದ ಮೇಲೆ ಮರದ ಕಾಲು ನೆಟ್ಟು ಕಟ್ಟಿದ ಕೋಟೆಗಳು, ಕೋಟೆಗೊಬ್ಬ ದುಷ್ಟ ರಾಜ, ಆನೆಗಾತ್ರದ ಕೊಕ್ಕರೆಗಳು, ಆ ಕೊಕ್ಕರೆಗಳ ಬೆನ್ನೇರಿ ಯುದ್ಧ. ಅದರ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಅಕ್ಕ ಅದನ್ನು 'ಕೊಕ್ಕರೆ ಸೀರಿಯಲ್' ಅಂದಳು, ಅದೇ ನಿಂತಿತು. ಮುಖ್ಯ ಖಳನಿಗೆ ಮೂಗಿನಲ್ಲೊಂದು ಉಂಗುರವಿತ್ತು. ಅಕ್ಕ ಅವನಿಗೆ 'ಮೂಗುತಿ ರಾಜ' ಅಂತ ಹೆಸರಿಟ್ಟಳು. ದಪ್ಪ ದಪ್ಪ ಕಾದಂಬರಿಗಳನ್ನು ಆಧರಿಸಿದ ಸೀರಿಯಲ್ ಅಂತ ಗೊತ್ತಾದದ್ದೇ ತಡ, ನಾನೂ ರಂಜುವೂ ಪುಸ್ತಕಗಳ ಬೆನ್ನು ಹತ್ತಿದೆವು. ಮೊದಲೆರಡು ಪುಸ್ತಕ ಜಗಳ ಆಡಿಕೊಂಡು ಓದಿದ್ದಾಯಿತು. ನಾನು ಬಚ್ಚಲಿಗೆ ಹೋದರೆ ಅವಳು ಎತ್ತಿಕೊಂಡು ಹೋಗುತ್ತಿದ್ದಳು, ಅವಳು ಊಟಕ್ಕೆ ಕೂತರೆ ನಾನು. ಮೂರನೆಯದು ಇಟ್ಟಿಗೆಯಷ್ಟು ದಪ್ಪವಿತ್ತು. ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುತ್ತಿತ್ತು.

"ಮಾವ, ಎರಡು ಮಾಡಿಬಿಡೋಣ" ಅಂದಳು ರಂಜು.

ಯಶವಂತಪುರದ ಮಂಡಿಗಳಲ್ಲಿ ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಬ್ಯಾಗಿನಲ್ಲಿ ಬ್ಲೇಡು ಸದಾ ಇರುತ್ತದೆ. ಕೊಯ್ದೆ. ಕೊಯ್ದ ಮೇಲೆ ಕಸುಬಿನ ಚಟ ಬಿಡಬೇಕಲ್ಲ, ರಿಪೇರಿಗೆ ಬಂದಿದ್ದ ತಕ್ಕಡಿಯ ಮೇಲೆ ಎರಡೂ ಭಾಗ ಇಟ್ಟು ತೂಗಿದೆ. ತೂಕ ಸಮ ಬಂತು. ನನಗೆ ಬಲು ಹೆಮ್ಮೆಯಾಯಿತು. ಮೊದಲರ್ಧ ಅವಳು ಓದಿ ನನಗೆ ಕೊಡುವುದು, ಆಮೇಲೆ ನಾನು ಮೊದಲರ್ಧದಲ್ಲಿ, ಅವಳು ಎರಡನೆಯದರಲ್ಲಿ. ಹೀಗೆ ಒಪ್ಪಂದ. ಅವಳು ಯಾವಾಗಲೂ ನನಗಿಂತ ಮುಂದಿರುತ್ತಾಳೆ ಅನ್ನುವುದು ಆ ಒಪ್ಪಂದದೊಳಗೇ ಸೇರಿತ್ತು. ಅದು ನನಗೆ ಹೊಳೆದದ್ದು ಒಪ್ಪಿಕೊಂಡ ಮೇಲೆ.

ಹಂಚಿಕೊಳ್ಳುವುದು ನಮಗಿಬ್ಬರಿಗೆ ಹೊಸದಲ್ಲ. ನನ್ನ ಅಮ್ಮ ನಾನು ಎರಡನೇ ಕ್ಲಾಸಿನಲ್ಲಿರುವಾಗಲೇ ಹೋದಳು. ಅಷ್ಟು ಹೊತ್ತಿಗೆ ಸರೋಜಕ್ಕ ಮದುವೆಯಾಗಿ ಪುಟ್ಟೇನಹಳ್ಳಿ ಸೇರಿದ್ದಳು, ರಂಜು ತೊಟ್ಟಿಲಲ್ಲಿದ್ದಳು. ಅಕ್ಕ ನನ್ನನ್ನೂ ಕರೆದುಕೊಂಡು ಹೋಗಿ ಸಾಕಿದಳು. ರಂಜುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ತಿರುಗುವುದು ನನ್ನ ಪಾಲಿನ ಕೆಲಸ. ನನ್ನ ಸೊಂಟ ಎಷ್ಟಿತ್ತೆಂದು ಕೇಳಬೇಡಿ. ಅವಳು ಜಾರುತ್ತಿದ್ದಳು, ನಾನು ಏರಿಸುತ್ತಿದ್ದೆ, ಅವಳು ಮತ್ತೆ ಜಾರುತ್ತಿದ್ದಳು. ಆಮೇಲೆ ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟದ್ದೂ ನಾನೇ. ಒಂದೇ ಕಡ್ಲೆಮಿಠಾಯಿ ಕಚ್ಚಿ ಎರಡು ಮಾಡಿದ್ದೇವೆ. ಕೆಲಸ ಸಿಕ್ಕ ಮೇಲೆ ನಾನು ಯಲಹಂಕ ಹಳೇ ಊರಿನಲ್ಲಿದ್ದ ಅಪ್ಪನ ಮನೆಗೆ ವಾಪಸ್ ಬಂದೆ. ಆದರೂ ಶನಿವಾರ, ಭಾನುವಾರದ ಊಟ ಅಕ್ಕನ ಮನೆಯಲ್ಲೇ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ನಾನು ಚಿಕ್ಕವನಿದ್ದಾಗ ಯಲಹಂಕದ ಟೆಂಟಿನಲ್ಲಿ ಸಿನಿಮಾ ತೋರಿಸುತ್ತಿದ್ದರು. ಒಳಗೆ ಹೋಗಲು ಅಪ್ಪ ಬಿಡುತ್ತಿರಲಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು ಎಷ್ಟೋ ಸಿನಿಮಾಗಳನ್ನು ಕಿವಿಯಲ್ಲೇ ನೋಡಿದ್ದೇನೆ. ಹೀರೋ ಹೇಗಿದ್ದಾನೆ, ಮನೆ ಯಾವ ಬಣ್ಣದ್ದು, ಅಳುತ್ತಿರುವ ಹೆಂಗಸು ಯಾರು, ಎಲ್ಲ ನಾನೇ ಕಟ್ಟಿಕೊಳ್ಳುತ್ತಿದ್ದೆ. ದೊಡ್ಡವನಾಗಿ ಅವೇ ಸಿನಿಮಾ ಟೀವಿಯಲ್ಲಿ ನೋಡಿದಾಗ, ಅಯ್ಯೋ, ಇಷ್ಟೇನಾ ಅನ್ನಿಸಿತು. ನನ್ನ ಸಿನಿಮಾ ಇದಕ್ಕಿಂತ ಚೆನ್ನಾಗಿತ್ತು. ಪುಸ್ತಕ ಓದಿ ಸೀರಿಯಲ್ ನೋಡುವವರ ಕಷ್ಟವೂ ಇದೇ. ರಂಜುಗೂ ನನಗೂ ವಾದ ಶುರುವಾಗುತ್ತಿದ್ದದ್ದೇ ಇಲ್ಲಿಂದ.

"ನಿನ್ ತಲೇಲಿ ದೊಡ್ಡ ರಾಣಿ ಹೆಂಗಿದ್ಲು ಮಾವ?"

"ನಿಮ್ಮಮ್ಮನ ಥರ."

"ಅಮ್ಮನ ಥರಾನಾ? ನಂಗೆ ನಮ್ಮ ಮ್ಯಾಥ್ಸ್ ಮೇಡಂ ಥರ ಇದ್ಲು. ಕನ್ನಡಕ ಸಮೇತ."

ಜೌಗುನೆಲದ ರಾಣಿಗೆ ಕನ್ನಡಕ ಎಲ್ಲಿಂದ ಬರಬೇಕು ಎಂದು ನಾನು. ನಿಮ್ಮಕ್ಕ ಅಲ್ಲಿ ಹೋಗಿ ಮುದ್ದೆ ತೊಳಸ್ತಿದ್ಲಾ ಎಂದು ಅವಳು. ಒಂದೇ ಸಾಲು ಓದಿದ ಇಬ್ಬರ ತಲೆಯಲ್ಲಿ ಇಬ್ಬರು ರಾಣಿಯರು ಹೇಗೆ ಹುಟ್ಟುತ್ತಾರೆ? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ತಕ್ಕಡಿಯಲ್ಲಿ ಎಲ್ಲರಿಗೂ ಒಂದೇ ತೂಕ ತೋರಿಸುವ ಕೆಲಸ ಮಾಡುವವನಿಗೆ ಇದು ಸ್ವಲ್ಪ ಜಾಸ್ತಿಯೇ ಕಾಡುತ್ತದೆ.

ಆಗ ನಮ್ಮ ಕಡೆ ಆ ಸೀರಿಯಲ್ ಹುಚ್ಚು ಹಿಡಿದವರು ಕಡಿಮೆಯೇನಿರಲಿಲ್ಲ. ಒಂದು ಸೋಮವಾರ ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಿತ್ತು. ಅಲ್ಲಿ ಬಸ್ಸು ನಿಂತರೆ ಒಂದು ಸಾಮ್ರಾಜ್ಯ ಎದ್ದು ಬೀಳುವಷ್ಟು ಪುರುಸೊತ್ತು ಸಿಗುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು.

"ಅವ್ನು ಸತ್ತಿಲ್ಲ ಮಗಾ. ಹೆಣ ತೋರಿಸ್ಲಿಲ್ಲ ನೋಡು."

"ನೀರಲ್ಲಿ ಬಿದ್ದ ಕಣೋ, ಇನ್ನೆಲ್ಲಿ ಉಳೀತಾನೆ."

ನನಗೆ ತಡೆಯಲಾಗಲಿಲ್ಲ. ತಿರುಗಿ, "ಬುಕ್ಕಲ್ಲಿ ಅವನಿಗೆ ಈಜು ಬರುತ್ತೆ ಗುರು" ಅಂದುಬಿಟ್ಟೆ. ಒಬ್ಬ ಕೈ ಮುಗಿದ. ಇನ್ನೊಬ್ಬ ಕಿವಿ ಮುಚ್ಚಿಕೊಂಡು, "ಅಣ್ಣ, ಹೇಳ್ಬೇಡಿ, ದಯವಿಟ್ಟು ಹೇಳ್ಬೇಡಿ" ಅಂದ. ಜನರಲ್ಲಿ ಎರಡೇ ಜಾತಿ ಎಂದು ನನಗೆ ಆವತ್ತು ಗೊತ್ತಾಯಿತು. ಮುಂದೇನಾಗುತ್ತೆ ಹೇಳಿ ಅನ್ನುವವರದ್ದು ಒಂದು, ಹೇಳಬೇಡಿ ಅನ್ನುವವರದ್ದು ಇನ್ನೊಂದು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಎರಡನೇ ಜಾತಿಯವರು, ಅದರಲ್ಲೂ ಬಹಳ ಮಡಿವಂತರು. ಫ್ಯಾಕ್ಟರಿಯಲ್ಲಿ ಅವರಿಗೆ ಶನಿವಾರ ಸೆಕೆಂಡ್ ಶಿಫ್ಟು. ಸೀರಿಯಲ್ಲನ್ನು ಅವರು ನೋಡುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಮರುಪ್ರಸಾರದಲ್ಲಿ. ಶನಿವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಅವರ ಮನೆಯಲ್ಲಿ ಕೊಕ್ಕರೆಯ ವಿಷಯ ಎತ್ತುವಂತಿಲ್ಲ. ಒಮ್ಮೆ ರಂಜು ಬಾಯಿ ತಪ್ಪಿ, ಪಾಪ ಆ ಬಿಳಿ ಕೊಕ್ಕರೆ ಅಂದಳು. ಅಷ್ಟಕ್ಕೇ ಭಾವ ತಟ್ಟೆಯ ಮುಂದಿನಿಂದ ಎದ್ದುಹೋದರು. 'ಪಾಪ' ಅಂದ ಮೇಲೆ ಇನ್ನೇನು ಉಳಿಯಿತು ಅನ್ನುವುದು ಅವರ ದೂರು. ನ್ಯಾಯವೇ.

ಹಾಗಾಗಿ ನಾವಿಬ್ಬರೂ ಕದ್ದುಮುಚ್ಚಿ ಮಾತಾಡುವುದು ಕಲಿತೆವು. ಭಾನುವಾರ ಬೆಳಿಗ್ಗೆ ಕೆರೆಯ ಕಡೆ ವಾಕಿಂಗ್ ಹೋಗುತ್ತಿದ್ದೆವು. ಅಲ್ಲಿ ನಿಜವಾದ ಕೊಕ್ಕರೆಗಳು ಮೂಗುತಿ ರಾಜನ ಭಯವಿಲ್ಲದೆ ಮೀನು ಹಿಡಿಯುತ್ತಿದ್ದವು. ಮನೆಗೆ ಬಂದರೆ ಹಿತ್ತಲ ಕಲ್ಲಿನ ಮೇಲೆ ಕೂತು ಗುಸುಗುಸು. ಭಾವನ ಚಪ್ಪಲಿ ಸದ್ದು ಕೇಳಿದ ತಕ್ಷಣ ಗಪ್‌ಚಿಪ್. ಅವಳು ಆಕಾಶ ನೋಡುತ್ತಿದ್ದಳು, ನಾನು ಕರಿಬೇವಿನ ಗಿಡ ನೋಡುತ್ತಿದ್ದೆ. ಭಾವ ಅನುಮಾನದಿಂದ ನೋಡಿ, "ಏನೂ ಹೇಳ್ಲಿಲ್ಲ ತಾನೆ?" ಅಂತ ಕೇಳಿ ಒಳಗೆ ಹೋಗುತ್ತಿದ್ದರು. ಅವರು ಹೋದ ಮೇಲೆ ನಮಗೆ ನಗು.

ಈ ಎಲ್ಲವನ್ನೂ ಇನ್ನೊಂದು ಜೀವ ನೋಡುತ್ತಿತ್ತು. ಭಾವನ ತಾಯಿ, ರಾಜಾನುಕುಂಟೆ ಕಡೆಯ ಅಜ್ಜಿ. ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಅವರು ಕಂಡದ್ದಿಷ್ಟು: ಓದುವ ವಯಸ್ಸಿನ ಮೊಮ್ಮಗಳು, ಮದುವೆಯಾಗದ ಸೋದರಮಾವ. ಇಬ್ಬರೂ ಜೊತೆಯಲ್ಲಿ ಕೆರೆಗೆ ಹೋಗುತ್ತವೆ. ತಲೆಗೆ ತಲೆ ತಾಗಿಸಿ ಗುಸುಗುಸು ಅನ್ನುತ್ತವೆ. ಹುಡುಗಿಯ ಅಪ್ಪ ಬಂದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಅವನು ಅತ್ತ ಹೋದರೆ ನಗುತ್ತವೆ.

ನೀವೇ ಹೇಳಿ, ನಮ್ಮ ಕಡೆಯವರು ಇದಕ್ಕೆ ಏನಂತ ಅರ್ಥ ಮಾಡಬೇಕು? ನಮ್ಮಲ್ಲಿ ಅಕ್ಕನ ಮಗಳೆಂದರೆ ಹುಟ್ಟಿದಾಗಲೇ ಅರ್ಧ ಗೊತ್ತಾದ ಹೆಣ್ಣು. ತೊಟ್ಟಿಲ ಶಾಸ್ತ್ರದ ದಿನವೇ, "ನೋಡ್ಲಾ, ನಿನ್ ಹೆಂಡ್ತಿ" ಅಂತ ನೆಂಟರು ನನ್ನನ್ನು ಚುಡಾಯಿಸಿದ್ದರು. ನಾನು ಜೋರಾಗಿ ಅತ್ತಿದ್ದೆನಂತೆ. ಅಜ್ಜಿ ಅಕ್ಕನ ಕಿವಿಗೆ ಹಾಕಿದರು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ತಮ್ಮನೂ ಕೈಬಿಡುವುದಿಲ್ಲ, ಮಗಳೂ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು.

ಮನೆಯಲ್ಲಿ ಸೂಚನೆಗಳು ಶುರುವಾದವು. ನನ್ನ ಮುದ್ದೆಗೆ ತುಪ್ಪ ಹೆಚ್ಚಾಯಿತು. "ಅಪ್ಪನ ಮನೆಗೆ ಒಂಚೂರು ಸುಣ್ಣಬಣ್ಣ ಮಾಡ್ಸೋ ನಾಗು, ಎಷ್ಟು ದಿನ ಅಂತ ಹಂಗೇ ಬಿಟ್ಟಿರ್ತೀಯ" ಅಂದಳು ಅಕ್ಕ. ರಂಜು ನನ್ನ ಎದುರು ಕಾಲು ಚಾಚಿ ಕೂತರೆ ಅಕ್ಕ ಕಣ್ಣು ಬಿಡುತ್ತಿದ್ದಳು. ನಾನೆಂಥ ಜಾಣ ನೋಡಿ, ನನಗೆ ಸಂಬಳ ಹೆಚ್ಚಾದದ್ದಕ್ಕೆ ಮರ್ಯಾದೆಯೂ ಹೆಚ್ಚಾಗಿದೆ ಅಂದುಕೊಂಡೆ. ಸೀರಿಯಲ್ಲಿನಲ್ಲಿ ಯಾರು ಯಾರಿಗೆ ಮೋಸ ಮಾಡಲಿದ್ದಾರೆಂದು ಮೂರು ವಾರ ಮೊದಲೇ ಊಹಿಸುತ್ತಿದ್ದವನಿಗೆ ನನ್ನ ತಟ್ಟೆಯಲ್ಲಿದ್ದ ತುಪ್ಪದ ಅರ್ಥ ಆಗಲಿಲ್ಲ.

ಅರ್ಥವಾದದ್ದು ಒಂದು ಭಾನುವಾರದ ಮರುಪ್ರಸಾರದಲ್ಲಿ. ಎಲ್ಲರೂ ಟೀವಿ ಮುಂದಿದ್ದೆವು. ಸೀರಿಯಲ್ಲಿನ ಹುಡುಗಿಯೂ ಒಬ್ಬ ನಡುವಯಸ್ಸಿನ ಅಂಬಿಗನೂ ಒಂದೇ ಕೊಕ್ಕರೆಯ ಮೇಲೆ ಕೂತು ಮೂಗುತಿ ರಾಜನಿಂದ ತಪ್ಪಿಸಿಕೊಂಡು ಓಡುತ್ತಿದ್ದರು. ಅಜ್ಜಿಗೆ ಇಂಗ್ಲಿಷ್ ಬರದು, ಆದರೆ ಸಂಬಂಧಗಳ ಮೇಲೆ ಬಹಳ ಆಸಕ್ತಿ.

"ಅವ್ನು ಆ ಉಡ್ಗಿಗೆ ಏನಾಗ್ಬೇಕ್ಲಾ ನಾಗ?"

"ಅವಳ ತಾಯಿ ತಮ್ಮ ಅಜ್ಜಿ. ಸೋದರಮಾವ."

"ಅಂಗಾದ್ರೆ ಇನ್ನೇನು ಕೊರತೆ? ಮದ್ವೆ ಮಾಡಿ ಮುಗಿಸ್ಬಾರ್ದಾ? ಊರೂರು ಯಾಕೆ ಅಲೀತವೆ?"

"ಅಜ್ಜಿ, ಅವ್ರಲ್ಲಿ ಅದು ತಪ್ಪು" ಅಂದಳು ರಂಜು. "ಅವ್ರು ಹಂಗೆಲ್ಲ ಮದುವೆ ಆಗಲ್ಲ."

"ಅದ್ಯಾಕೆ ತಪ್ಪು? ವರಸೆ ಸರಿ ಐತೆ. ನಾನು ಆಗ್ಲಿಲ್ವಾ ನಮ್ ಮಾವನ್ನ? ನಿಮ್ಮಪ್ಪ ಆಕಾಶದಿಂದ ಉದುರಿದ್ನಾ?"

ಅಕ್ಕ ಟೀವಿ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. "ನೋಡು, ದೊಡ್ಡೋರೇ ಹೇಳ್ತಿದಾರೆ" ಅಂದಳು ಮೆಲ್ಲಗೆ. ಮುಖದಲ್ಲಿ ನಾಚಿಕೆಯಂಥ ನಗು. ನನ್ನ ತಟ್ಟೆಯ ತುಪ್ಪ, ಸುಣ್ಣಬಣ್ಣ, ಚಾಚಬಾರದ ಕಾಲು ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ರಂಜು ಕಡೆ ತಿರುಗಿದೆ. ಅವಳಿಗೂ ಅದೇ ಗಳಿಗೆಯಲ್ಲಿ ಗೊತ್ತಾಗಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು.

ಮುಂದಿನ ಭಾನುವಾರ ಕೆರೆಯ ಬಳಿ ನಾವು ಸೀರಿಯಲ್ಲಿನ ಮಾತೇ ಆಡಲಿಲ್ಲ. ರಂಜು ಹೆಬ್ಬಾಳದ ಕಡೆ ಕೃಷಿ ಬಿ.ಎಸ್ಸಿ. ಕೊನೇ ವರ್ಷದಲ್ಲಿದ್ದಳು. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಬೇಕೆಂದು ಅವಳಿಗೆ ಬಲು ಆಸೆ. ಸೀಟು ಸಿಗುವುದು ಬಹುತೇಕ ಖಾತ್ರಿಯಿತ್ತು. ಮದುವೆ ಮಾತು ಎದ್ದರೆ ಧಾರವಾಡ ಅಲ್ಲಿಗೆ ಮುಗಿಯಿತು.

"ನೀನೇ ಅಮ್ಮನಿಗೆ ಹೇಳು ಮಾವ."

"ನಾನು ಹೇಳಿದ್ರೆ ಏನಂತಾಳೆ? ಎತ್ತಿ ಸಾಕಿದವಳ ಮಗಳೇ ಬೇಡವಾದ್ಲಾ ಅಂತಾಳೆ. ನೀನೇ ಹೇಳು."

"ನಾನು ಹೇಳಿದ್ರೆ, ನನ್ನ ತಮ್ಮನಲ್ಲಿ ಏನು ಕೊರತೆ ಕಂಡೆ ಅಂತಾಳೆ."

ಎರಡೂ ನಿಜ. ನಮ್ಮಲ್ಲಿ ಹೊರಗಿನ ಗಂಡನ್ನು ಬೇಡ ಅನ್ನಲು ನೂರು ದಾರಿಯಿದೆ. ಜಾತಕ ಕೂಡಲಿಲ್ಲ, ಊರು ದೂರವಾಯಿತು, ಮೂಗು ಸ್ವಲ್ಪ ದಪ್ಪ. ಮನೆಯೊಳಗಿನ ಸಂಬಂಧವನ್ನು ಬೇಡ ಅನ್ನಲು ಒಂದೂ ಇಲ್ಲ. ಬೇಡ ಅಂದರೆ ಮನುಷ್ಯರನ್ನೇ ಬೇಡ ಅಂದಂತೆ. ನನಗೆ ರಂಜು ಬೇಡವಾಗಿರಲಿಲ್ಲ, ನೋಡಿ. ಅವಳಷ್ಟು ಬೇಕಾದವರು ನನಗೆ ಯಾರೂ ಇರಲಿಲ್ಲ. ಸೊಂಟದಿಂದ ಜಾರುತ್ತಿದ್ದ ಆ ಕೂಸನ್ನು ಹೆಂಡತಿ ಅಂದುಕೊಳ್ಳಲು ಕೂತರೆ ನನ್ನ ತಲೆ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ, ಅಷ್ಟೇ. ಇನ್ನೂ ಬೇಜಾರಿನ ಸಂಗತಿಯೆಂದರೆ, ನಮ್ಮ ಮಾತೇ ಒಣಗಿಹೋಯಿತು. ಹಿತ್ತಲಲ್ಲಿ ಕೂತರೆ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ರಂಜು ಮೊದಲರ್ಧ ಪುಸ್ತಕವನ್ನು ಅಕ್ಕನ ಕೈಯಲ್ಲಿ ಕೊಟ್ಟು ಕಳಿಸಿದಳು. ಮೊದಲಾಗಿದ್ದರೆ ಓಡಿಬಂದು ನನ್ನ ತಲೆಯ ಮೇಲೆ ಕುಕ್ಕಿ ಕೊಡುತ್ತಿದ್ದಳು. ನನಗೆ ಅಳು ಬಂತು ಅಂದರೆ ನಗಬೇಡಿ.

ಸೀರಿಯಲ್ಲಿನ ಆ ಸಲದ ಕಂತುಗಳು ಮುಗಿದವು. ಹುಡುಗಿಯೂ ಮಾವನೂ ಜೌಗಿನ ಅಂಚಿನಲ್ಲಿ ನಿಂತಿದ್ದಾರೆ, ಹಿಂದೆ ಮೂಗುತಿ ರಾಜನ ಸೈನ್ಯ. ಅಲ್ಲಿಗೆ ಪರದೆ ಕಪ್ಪಾಯಿತು. ಮುಂದಿನದು ಮುಂದಿನ ವರ್ಷ. ಭಾವ ಹಣೆ ಚಚ್ಚಿಕೊಂಡರು. ಅಜ್ಜಿ ಮಾತ್ರ ಬಿಡಲಿಲ್ಲ.

"ವರ್ಸಗಂಟ್ಲೆ ಕಾಯಕ್ಕೆ ನಂಗೆ ಆಗಾಕಿಲ್ಲ. ನಾಗ ಪುಸ್ತಕ ಓದವ್ನೆ. ಏಳ್ಲಾ, ಕಡೇಗೆ ಅವ್ರಿಬ್ರೂ ಏನಾಯ್ತಾರೆ?"

"ಅವ್ವ, ಬೇಡ. ಹೇಳ್ಬೇಡ್ವೋ ನಾಗು" ಅಂದರು ಭಾವ.

"ನೀನು ಕಿವಿ ಮುಚ್ಕೋ" ಅಂದರು ಅಜ್ಜಿ ಮಗನಿಗೆ.

ಈಗ ಒಂದು ಸತ್ಯ. ನಾನು ಆಗಿನ್ನೂ ಮೊದಲರ್ಧದಲ್ಲೇ ಇದ್ದೆ. ಕೊನೆ ಏನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಎದುರಿಗೆ ಕೂತಿದ್ದಳು, ಮೊಣಕಾಲ ಮೇಲೆ ಗಲ್ಲವಿಟ್ಟುಕೊಂಡು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಟೆಂಟಿನ ಹೊರಗೆ ಕಲ್ಲಿನ ಮೇಲೆ ಕೂರುತ್ತಿದ್ದ ಹುಡುಗ ನನ್ನೊಳಗೆ ಎದ್ದು ಕೂತ. ಹೇಳತೊಡಗಿದೆ.

"ಅವರಿಬ್ರೂ ಕೊನೆಯ ಕೋಟೆಗೆ ಬರ್ತಾರೆ ಅಜ್ಜಿ. ಅಲ್ಲಿಯವರು, ಇವನು ನಿನ್ನ ಮಾವ ತಾನೆ, ಇವನನ್ನೇ ಮದುವೆಯಾಗಿ ಇಲ್ಲೇ ಇರು, ಜೌಗು ದಾಟಬೇಡ ಅಂತಾರೆ. ಜೌಗಿನ ಆಚೆ ಏನಿದೆ ನೋಡ್ಬೇಕು ಅಂತ ಅವಳಿಗೆ ಆಸೆ. ಮಾವ ಏನಂತಾನೆ ಗೊತ್ತಾ? ಇವಳು ಮಗುವಾಗಿದ್ದಾಗ ಇದೇ ಕೆಸರಲ್ಲಿ ಹೆಗಲ ಮೇಲೆ ಹೊತ್ಕೊಂಡು ತಿರುಗಿದೀನಿ. ಹೊತ್ತದ್ದು ನನ್ನ ಹತ್ರ ಇಟ್ಕೊಳ್ಳೋಕಲ್ಲ, ದಾಟಿಸೋಕೆ ಅಂತಾನೆ. ಕೊಕ್ಕರೆಯ ಹಗ್ಗ ಅವಳ ಕೈಗೆ ಕೊಡ್ತಾನೆ. ಅವಳು ಒಬ್ಬಳೇ ಹಾರ್ತಾಳೆ. ಅವನು ದಡದಲ್ಲಿ ನಿಂತು ನೋಡ್ತಾನೆ."

ಅಜ್ಜಿ ರಂಜು ಕಡೆ ತಿರುಗಿದರು.

"ಔದೇನವ್ವ? ಪುಸ್ತಕದಾಗೆ ಅಂಗೇ ಐತಾ?"

ರಂಜು ನನ್ನನ್ನೊಮ್ಮೆ ನೋಡಿದಳು. "ಹೌದಜ್ಜಿ. ಹಂಗೇ ಇದೆ."

"ಆ ಉಡ್ಗಿ ವಾಪಸ್ ಬತ್ತಾಳಾ?"

"ಬರ್ತಾಳಜ್ಜಿ. ದಸರಾ ರಜ, ಬೇಸಿಗೆ ರಜ, ಎರಡಕ್ಕೂ ಬರ್ತಾಳೆ."

ಜೌಗುನೆಲದಲ್ಲಿ ದಸರಾ ರಜ! ನಾನು ಕಣ್ಣು ಮುಚ್ಚಿಕೊಂಡೆ. ಭಾವ ಕಿವಿ ಮುಚ್ಚಿಕೊಂಡಂತೆ ನಟಿಸುತ್ತ ಎಲ್ಲ ಕೇಳಿಸಿಕೊಂಡಿದ್ದರು. ಅಜ್ಜಿ ದಡ್ಡರಲ್ಲ. ಟೀವಿಯ ಕಡೆ ನೋಡುತ್ತಲೇ ಅಂದರು:

"ನಮ್ ಮಾವ ನನ್ನ ಎಗಲ ಮ್ಯಾಲೆ ಒತ್ಕಂಡು ದೊಡ್ಡಬಳ್ಳಾಪುರದ ಸಂತೆ ತೋರಿಸ್ತಿದ್ದ. ಅಷ್ಟು ನಗಿಸ್ತಿದ್ದ. ಮದ್ವೆ ಆಯ್ತು. ಒಳ್ಳೇ ಗಂಡ, ಒಂದಿನ ಕೈ ಎತ್ಲಿಲ್ಲ. ಆದ್ರೆ ಆ ಮಾವ ಮತ್ತೆ ಸಿಗ್ಲಿಲ್ಲ ಕಣವ್ವ. ಗಂಡ ಸಿಕ್ದ, ಮಾವ ಇಲ್ದಂಗಾದ." ಆಮೇಲೆ ಅಕ್ಕನ ಕಡೆ ತಿರುಗಿ, "ಸರೋಜ, ಈ ಉಡ್ಗಿ ಓದಕ್ಕೆ ಓಗ್ಲಿ ಬಿಡು" ಅಂದರು.

ಅಕ್ಕ ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು.

ಆಮೇಲೆ ಬಹಳ ದಿನ ಅಕ್ಕ ನನ್ನ ಹತ್ತಿರ ಮಾತು ಬಿಟ್ಟಳು. ಊಟ ಬಿಡಲಿಲ್ಲ. ಡಬ್ಬಿಯಲ್ಲಿ ಹುಳಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮುದ್ದೆಗೆ ತುಪ್ಪ ನಿಂತುಹೋಯಿತು. ನನಗೆ ನಿಜವಾಗಿ ಹೆದರಿಕೆಯಾಯಿತು. ಅಮ್ಮನನ್ನು ಒಮ್ಮೆ ಕಳೆದುಕೊಂಡವನಿಗೆ ಇನ್ನೊಂದು ಸಲ ಕಳೆದುಕೊಳ್ಳುವುದು ಹೇಗೆಂದು ಗೊತ್ತಿರುವುದಿಲ್ಲ.

ರಂಜು ಧಾರವಾಡಕ್ಕೆ ಹೊರಟ ದಿನ ಯಶವಂತಪುರ ಸ್ಟೇಷನ್ನಿಗೆ ಎಲ್ಲರೂ ಹೋದೆವು. ಅವಳ ಟ್ರಂಕು ಹೊತ್ತವನು ನಾನು. ಅವಳ ಕೈಚೀಲದಲ್ಲಿ ಎರಡನೇ ಅರ್ಧ ಪುಸ್ತಕದ ಮೂಲೆ ಕಾಣುತ್ತಿತ್ತು. ರೈಲು ಹೊರಟಿತು. ಕಿಟಕಿಯ ಕೈ ಕಾಣದಾಗುವವರೆಗೂ ಅಕ್ಕ ನಿಂತಿದ್ದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

"ನನ್ ಮಗಳು ಬೇಡವಾದ್ಲೇನೋ ನಿಂಗೆ?"

"ಕಟ್ಕೊಳ್ಳೋಕೆ ಬೇಡ ಅಂದೆ ಅಕ್ಕ. ಮಾತಾಡೋಕೆ ಬೇಕು. ಸಾಯೋವರೆಗೂ ಬೇಕು."

ಅಕ್ಕ ನನ್ನ ಕಡೆ ತಿರುಗಿದಳು. "ಹೊತ್ತದ್ದು ದಾಟಿಸೋಕೆ ಅಂತ ಆ ಮಾವ ಅಂದಿದ್ದು ನಿಜವಾಗ್ಲೂ ಪುಸ್ತಕದಲ್ಲಿದ್ಯಾ?" ಅಂದಳು. "ಇದೆ" ಅಂದೆ. "ಚೆನ್ನಾಗ್ ಬರ್ದಿದಾನೆ" ಅಂದಳು. ಆ ರಾತ್ರಿಯ ಊಟದಲ್ಲಿ ತುಪ್ಪ ವಾಪಸ್ ಬಂತು.

ಇನ್ನು ಸೀರಿಯಲ್ಲು. ಮುಂದಿನ ವರ್ಷ ಬರಲೇ ಇಲ್ಲ. ನೋಡುವವರು ಸಾಲದೆ ನಿಲ್ಲಿಸಿದರಂತೆ. ಇಷ್ಟು ಜನ ನೋಡುತ್ತಿದ್ದೆವಲ್ಲ, ಯಾರು ಎಣಿಸಿದರೋ. ಭಾವ ಒಂದು ವಾರ ಮಂಕಾಗಿದ್ದರು, ಆಮೇಲೆ ನಾನು ಹೇಳಿದ ಕೊನೆಯನ್ನೇ ಫ್ಯಾಕ್ಟರಿಯಲ್ಲೆಲ್ಲ ಹಂಚಿದರು. ಒಂದೆರಡು ವರ್ಷದ ಮೇಲೆ ಆರ್.ಟಿ. ನಗರದ ಒಂದು ಬೇಕರಿಯಲ್ಲಿ ಟೀ ಕುಡಿಯುತ್ತಿದ್ದೆ. ಪಕ್ಕದಲ್ಲಿದ್ದವನು ಗೆಳೆಯನಿಗೆ ಹೇಳುತ್ತಿದ್ದ: "ಸೀರಿಯಲ್ ನಿಂತೋಯ್ತು ಮಚ್ಚಾ. ಆದ್ರೆ ಬುಕ್ಕಲ್ಲಿ ಮಾವ ಅವಳ ಕೈಗೆ ಹಗ್ಗ ಕೊಟ್ಟು ಕಳಿಸ್ತಾನಂತೆ. ಸಖತ್ತಾಗಿದೆಯಂತೆ." ಟೀ ನೆತ್ತಿಗೇರಿತು. ಯಾವ ಬುಕ್ಕು ಮಹರಾಯ ಎಂದು ಕೇಳುವ ಧೈರ್ಯ ಬರಲಿಲ್ಲ.

ಇಷ್ಟನ್ನೂ ಏಣಿಯ ಮೇಲೆ ಕೂತು ಸುಮಾಗೆ ಹೇಳಿದೆ. ಅವಳಿಗೆ ರಂಜು ಚೆನ್ನಾಗಿ ಗೊತ್ತು. ನಮ್ಮ ಮದುವೆಯಲ್ಲಿ ನನ್ನ ಚಪ್ಪಲಿ ಬಚ್ಚಿಟ್ಟವಳು ಅವಳೇ. ಈಗ ಧಾರವಾಡದಲ್ಲೇ ಬೀಜದ ಸಂಶೋಧನೆಯ ಕೆಲಸದಲ್ಲಿದ್ದಾಳೆ, ಪ್ರತಿ ದಸರಾಕ್ಕೆ ತಪ್ಪದೆ ಬರುತ್ತಾಳೆ.

"ಹಂಗಾದ್ರೆ ಆ ಪುಸ್ತಕದ ನಿಜವಾದ ಕೊನೆ ಏನು?" ಅಂದಳು ಸುಮಾ.

"ಗೊತ್ತಿಲ್ಲ. ಅವಳನ್ನ ಕೇಳಲೇ ಇಲ್ಲ."

"ಇಷ್ಟು ವರ್ಷ? ನಿಮ್ಮಂಥೋರು ಇರ್ತಾರೆ ನೋಡಿ. ಈಗ್ಲೇ ಕೇಳಿ."

ಫೋನ್ ಮಾಡಿ ಸ್ಪೀಕರ್ ಹಾಕಿದೆ. "ಲೇ ರಂಜು, ಆ ಕೊಕ್ಕರೆ ಪುಸ್ತಕದ ಇನ್ನರ್ಧ ಇದ್ಯಾ?"

"ಇಲ್ಲೇ ಕಪಾಟಲ್ಲಿದೆ ಮಾವ. ಯಾಕೆ?"

"ಕೊನೆಗೆ ನಿಜವಾಗ್ಲೂ ಏನಾಗುತ್ತೆ?"

ಅವಳು ನಕ್ಕಳು. "ನಂಗೇನ್ ಗೊತ್ತು? ನಾನು ಓದೇ ಇಲ್ಲ."

"ಓದಿಲ್ವಾ? ಅವತ್ತು ಅಜ್ಜಿ ಮುಂದೆ ಹಂಗೇ ಇದೆ ಅಂದ್ಯಲ್ಲೇ."

"ಅವತ್ತು ಪರೀಕ್ಷೆ ಗಲಾಟೇಲಿ ತೆಗ್ದೇ ಇರ್ಲಿಲ್ಲ ಮಾವ. ನೀನು ಬೇರೆ ಎಲ್ಲೋ ಓದಿ ಹೇಳ್ತಿದೀಯ ಅಂದ್ಕೊಂಡೆ. ಟ್ರೈನಲ್ಲಿ ಓದೋಣ ಅಂತ ತಗೊಂಡೆ, ಓದೋಕೆ ಮನಸ್ಸಾಗ್ಲಿಲ್ಲ. ಅದ್ರಲ್ಲಿ ಬೇರೆ ಥರ ಇದ್ರೆ?"

ಮರದ ಕಪಾಟಿನ ಬಾಗಿಲು ಕಿರ್ ಅಂದದ್ದು ಫೋನಿನಲ್ಲಿ ಕೇಳಿಸಿತು.

"ಕೈಯಲ್ಲೇ ಇದೆ ಈಗ. ಕೊನೇ ಪುಟ ತೆಗೀಲಾ?"

ಸುಮಾ ಏಣಿಯ ಕಾಲು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ತೆಗಿ ಅನ್ನಲು ಬಾಯಿ ತೆರೆದೆ. ಇಷ್ಟು ವರ್ಷದ ಕುತೂಹಲ, ಸುಮ್ಮನೆ ಹೋಗುತ್ತದೆಯೇ.

"ಬೇಡ ಕಣೇ" ಅಂದೆ. "ಭಾವ ಇನ್ನೂ ನೋಡಿಲ್ಲ."